ಅಂಗಳದ ಮರ ಹೂ ಬಿಡುತ್ತಿಲ್ಲವೇ? ಬುಡದತ್ತ ಗಮನವಿರಲಿ

ಬೇಸಿಗೆಯಲ್ಲಿ ಬೀದಿಯ ಕಕ್ಕೆ, ಗುಲ್‌ಮೊಹರ್ ಮರಗಳು ಮೈತುಂಬ ಹೂ ತಳೆದಾಗ ಅದೇ ಜಾತಿಯ ಅಂಗಳದ ಮರ ಬರೀ ಎಲೆಯಲ್ಲೇ ಉಳಿಯುವುದುಂಟು. 'ಬಂಜೆ ಮರ' ಎಂದು ಕಡಿಸಲು ಮುಂದಾಗುವವರೂ ಇದ್ದಾರೆ. ಆದರೆ ದೋಷ ಬಹುಪಾಲು ಮರದ್ದಲ್ಲ, ಆರೈಕೆಯದು.

ಮೊದಲು ಮರದ ಕಾಲವನ್ನು ಅರಿಯಬೇಕು. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆಯ್ದು ನೆಡಿಸಿದ್ದರು. ಮರದ ವಯಸ್ಸೂ ಮುಖ್ಯ. ಬೀಜದಿಂದ ಬೆಳೆದ ಸಂಪಿಗೆ ಹೂ ಬಿಡಲು ಹಲವು ವರ್ಷ ಬೇಕು. ಕಸಿ ಗಿಡ ಬೇಗನೆ ಹೂ ಬಿಡುತ್ತದೆ.

ಬಿಸಿಲು ಮತ್ತು ನೀರು: ಹೂ ಮರಗಳಿಗೆ ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು. ಎಳೆಯ ಗಿಡಕ್ಕೆ ನಿಯಮಿತ ನೀರು ಅಗತ್ಯ. ಬೇರುಬಿಟ್ಟ ಕಕ್ಕೆ, ಗುಲ್‌ಮೊಹರ್‌ಗಳಿಗೆ ಒಣ ಹವೆಯ ನಂತರವೇ ಹೂವಿನ ಕಾಲ. ಹುಲ್ಲುಹಾಸಿನ ಜೊತೆ ಅವಕ್ಕೂ ನಿತ್ಯ ನೀರುಣಿಸಿದರೆ ಎಲೆ ಹೆಚ್ಚಿ ಹೂ ಕುಂದುತ್ತದೆ.

ಗೊಬ್ಬರ: ಯೂರಿಯಾದಂತಹ ಸಾರಜನಕ ಗೊಬ್ಬರ ಅತಿಯಾದರೂ ಇದೇ ಪರಿಣಾಮ. ಮಳೆಗಾಲದ ಆರಂಭದಲ್ಲಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಕೊಂಬೆಗಳ ಅಂಚಿನ ನೇರಕ್ಕೆ ನೆಲದಲ್ಲಿ ಹರಡುವುದು ಒಳಿತು. ಕಾಂಡಕ್ಕೆ ಒತ್ತಿ ಸುರಿಯಬಾರದು.

ಸವರುವಿಕೆ: ಹೊಳೆ ದಾಸವಾಳ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ, ಚಿಗುರುವ ಮುನ್ನ, ಚಳಿಗಾಲದ ಕೊನೆಯಲ್ಲಿ ಅದನ್ನು ಸವರಬೇಕು. ಗುಲ್‌ಮೊಹರ್‌ಗೆ ಹೂ ಮುಗಿದ ನಂತರದ ಕಾಲ ಸೂಕ್ತ. ದೇವಕಣಗಿಲೆಯ ರೆಂಬೆಯ ತುದಿ ಕತ್ತರಿಸಿದರೆ ಆ ರೆಂಬೆಯ ಹೂ ತಡವಾಗುತ್ತದೆ. ಆದರೆ ಕತ್ತರಿಸಿದಲ್ಲಿ ಹೊಸ ರೆಂಬೆಗಳೊಡೆದು ಮರ ತುಂಬಿಕೊಳ್ಳುತ್ತದೆ. ಯಾವ ಮರದ ತಲೆಯನ್ನೂ ಕಡಿಯುವುದು ಸಲ್ಲದು. ಅಲ್ಲಿ ಹುಟ್ಟುವ ಕೊಂಬೆಗಳ ಹಿಡಿತ ದುರ್ಬಲ. ಮುಂಗಾರುಪೂರ್ವ ಗಾಳಿಗೆ ಮುರಿದು ಬೀಳುವ ಅಪಾಯವಿದೆ.

ಬುಡದ ಸಿಮೆಂಟು: ಅಂಗಳದ ಮರಕ್ಕೆ ಎಲ್ಲಕ್ಕಿಂತ ದೊಡ್ಡ ಕಂಟಕ ಇದು. ಕಾಂಡದವರೆಗೂ ಸಿಮೆಂಟು ಮೆತ್ತಿದರೆ ಬೇರಿಗೆ ಗಾಳಿ, ನೀರು ಇಳಿಯುವುದಿಲ್ಲ. ಮರ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟ್ ತೆರವುಗೊಳಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಅಂಗಳದಲ್ಲೂ ಕನಿಷ್ಠ ಅಷ್ಟು ಜಾಗ ಬಿಟ್ಟು, ಬೇರಿಗೆ ಪೆಟ್ಟಾಗದಂತೆ ಸಿಮೆಂಟು ತೆಗೆದು, ಪಾತಿ ಮಾಡಿ ತರಗೆಲೆ ಹೊದಿಸಬಹುದು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ, ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಅರ್ಜಿಗೆ ಮುನ್ನ ಬುಡ ಬಿಡಿಸಿ ಎರಡು ಮೂರು ಬೇಸಿಗೆ ಕಾಯುವುದು ಲೇಸು.