ಇಸ್ಮಾಯಿಲ್ ಆದಿಲ್ ಶಾಹ

ಬಿಜಾಪುರದ ಆದಿಲ್ ಶಾಹಿ ಮನೆತನದ ಎರಡನೆಯ ಸುಲ್ತಾನ (ಆಳ್ವಿಕೆ 1510-34). ಯೂಸುಫ್ ಆದಿಲ್ ಶಾಹನ ಮಗ. ಗೋವೆ ಬಿಜಾಪುರದ ಕೈತಪ್ಪಿದ ವರ್ಷವೇ ಈ ಬಾಲಕ ಪಟ್ಟಕ್ಕೆ ಬಂದ. ಇವನ ಅರಮನೆಯ ಒಳಸಂಚನ್ನು ಬಿಟ್ಟು ಗೋವೆಯ ಚರಿತ್ರೆಯನ್ನು ತಿಳಿಯಲಾಗದು.

ಗೋವೆಯ ಪತನ: 1510ರ ಆರಂಭದಲ್ಲಿ ಪೋರ್ಚುಗೀಸರ ದಳಪತಿ ಅಲ್ಬುಕರ್ಕ್ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆಯನ್ನು ಹಿಡಿದ. ಮೇ ತಿಂಗಳಲ್ಲಿ ಬಿಜಾಪುರದ ಸೇನೆ ಅವನನ್ನು ಹೊರಗಟ್ಟಿತು. ನವೆಂಬರ್ 25ರಂದು ಪೋರ್ಚುಗೀಸರು ಮತ್ತೆ ಪಟ್ಟಣವನ್ನು ಗೆದ್ದರು. ಯೂಸುಫ್ ತೀರಿಕೊಂಡದ್ದೂ ಅದೇ ವರ್ಷ. ಎಳೆಯ ಸುಲ್ತಾನನ ಹೆಸರಿನಲ್ಲಿ ಆಡಳಿತ ಹಿಡಿದ ಕಮಾಲ್ ಖಾನ್, ಉಳಿದ ಊರುಗಳಿಗೆ ಕೈಹಾಕಬಾರದೆಂಬ ಕರಾರಿನ ಮೇಲೆ ಗೋವೆಯನ್ನು ಪೋರ್ಚುಗೀಸರಿಗೇ ಬಿಟ್ಟನೆಂದು ಚರಿತ್ರಕಾರ ಫೆರಿಷ್ತಾ ಬರೆದಿದ್ದಾನೆ. ಬಿಜಾಪುರದ ದಳಪತಿಗಳು ಗೋವೆಯ ಬಳಿಯ ಬಾಣಸ್ತಾರಿ ಕೋಟೆಯನ್ನು ಹಿಡಿದು ಹೋರಾಡಿದರೂ 1512ರಲ್ಲಿ ಅದೂ ಕೈಬಿಟ್ಟಿತು.

ಒಳಸಂಚು: ಕಮಾಲ್ ಖಾನನ ಕಣ್ಣು ಸಿಂಹಾಸನದ ಮೇಲಿತ್ತು. ಬೀದರಿನ ಅಮೀರ್ ಬರೀದನೊಡನೆ ಕೈಜೋಡಿಸಿದ ಅವನು ಸುಲ್ತಾನನನ್ನೂ ತಾಯಿಯನ್ನೂ ಅರಮನೆಯಲ್ಲೇ ಕಾವಲಿಟ್ಟ. ಮರಾಠ ಮನೆತನದಲ್ಲಿ ಹುಟ್ಟಿದ ತಾಯಿ ಬೂಬೂಜಿ ಖಾನಂ ಪ್ರತಿತಂತ್ರ ಹೂಡಿದಳು. ಅವಳ ನಂಬಿಗಸ್ತ ಯೂಸುಫ್ ಎಂಬವನು ಮಕ್ಕಾ ಯಾತ್ರೆಗೆ ಅಪ್ಪಣೆ ಬೇಡುವ ನೆಪದಲ್ಲಿ ಹೋಗಿ, ವೀಳ್ಯ ಪಡೆಯುವಾಗ ಕಮಾಲ್ ಖಾನನನ್ನು ಇರಿದು ಕೊಂದ. ಖಾನನ ತಾಯಿ ಸಾವನ್ನು ಮುಚ್ಚಿಟ್ಟು, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ನುಗ್ಗಿಸಿದಳು. ಇಸ್ಮಾಯಿಲನ ಸೋದರತ್ತೆ ದಿಲ್ಶಾದ್ ಆಗಾ ಕವಚ ತೊಟ್ಟು ಕಾದಿದಳು. ಬಾಣ ತಗುಲಿ ಗೋಡೆಯ ಮರೆ ಸೇರಿದ ಸಫ್ದರನ ಮೇಲೆ ಇಸ್ಮಾಯಿಲನೇ ಮೇಲಿನಿಂದ ಬಂಡೆ ಉರುಳಿಸಿ ಕೊಂದನೆಂದು ಫೆರಿಷ್ತಾ ಹೇಳುತ್ತಾನೆ.

ಆಳ್ವಿಕೆ: ಈ ಪೆಟ್ಟಿನ ಬಳಿಕ ಇಸ್ಮಾಯಿಲ್ ದಖನಿ ಸರದಾರರನ್ನು ದೂರವಿಟ್ಟು, ಇರಾನ್ ಮೊದಲಾದ ಕಡೆಯಿಂದ ಬಂದವರನ್ನೇ ನೆಚ್ಚಿದ. ಅರಮನೆಯನ್ನು ಉಳಿಸಿದವರಲ್ಲೊಬ್ಬನಾದ ಖುಸ್ರೋ ಲಾರಿ ಅಸದ್ ಖಾನನೆಂಬ ಬಿರುದಿನೊಡನೆ ಬೆಳಗಾವಿಯನ್ನು ಪಡೆದ. 1520ರಲ್ಲಿ ರಾಯಚೂರಿನ ಯುದ್ಧದಲ್ಲಿ ಇಸ್ಮಾಯಿಲ್ ಕೃಷ್ಣದೇವರಾಯನಿಗೆ ಸೋತ. ರಾಯನ ಮರಣದ ಬಳಿಕ ರಾಯಚೂರನ್ನು ಮರಳಿ ಪಡೆದ. 1534ರಲ್ಲಿ ತೀರಿಕೊಂಡ ಅವನ ಸಮಾಧಿ ಇಂದಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿದೆ.

ಪರಿಣಾಮ: ಗೋವೆ ಮತ್ತೆ ಬಿಜಾಪುರಕ್ಕೆ ದಕ್ಕಲಿಲ್ಲ. ಮಗ ಇಬ್ರಾಹಿಮನ ಕಾಲದಲ್ಲಿ ನೆರೆಯ ಬಾರ್ದೇಶ, ಸಾಷ್ಟಿಗಳೂ ಪೋರ್ಚುಗೀಸರ ಪಾಲಾದವು. ಗೋವೆಯಲ್ಲಿ ಆಶ್ರಯ ಪಡೆದಿದ್ದ ಆದಿಲ್ ಶಾಹಿ ರಾಜಕುಮಾರನೊಬ್ಬನನ್ನು ಅವರು 1555ರಲ್ಲಿ ಬಿಜಾಪುರದ ಸುಲ್ತಾನನೆಂದು ಸಾರಿದರು. ಆ ಯತ್ನ ಕೈಗೂಡಲಿಲ್ಲ. ಆದರೆ ಬಿಜಾಪುರದ ಉತ್ತರಾಧಿಕಾರದ ಜಗಳ ಗೋವೆಯ ಕೋಟೆಗೆ ಎಷ್ಟು ಬಲ ಕೊಟ್ಟಿತೆಂಬುದಕ್ಕೆ ಅದೇ ಸಾಕ್ಷಿ.