ಇಲ್ಲದ ಕವಿಯ ಅನುವಾದಕ: ಧ್ರುವ್ ಜಾನಿಯವರ ವಿಡಿಯೋ ಗೇಮ್‌ಗಳ ಬಗ್ಗೆ ಒಂದು ಟಿಪ್ಪಣಿ

ದಕ್ಷಿಣ ಗುಜರಾತಿನ ವಾಪಿಗೆ ತಾಗಿಕೊಂಡ ಚಲಾದಲ್ಲಿ ಸ್ಟುಡಿಯೋ ಓಲಿಯೋಮಿಂಗಸ್ ಎಂಬ ಪುಟ್ಟ ಸಂಸ್ಥೆಯಿದೆ. ಧ್ರುವ್ ಜಾನಿ ಮತ್ತು ಸುಶಾಂತ್ ಚಕ್ರವರ್ತಿ ಅಲ್ಲಿ ಕಟ್ಟುವ ವಿಡಿಯೋ ಗೇಮ್‌ಗಳಲ್ಲಿ ಶತ್ರುಗಳಿಲ್ಲ, ಅಂಕಗಳಿಲ್ಲ. ಆಡುವವರು ನಡೆಯುತ್ತಾರೆ, ನೋಡುತ್ತಾರೆ, ಓದುತ್ತಾರೆ. ಹಲವು ಆಟಗಳು ‘ಸಮ್‌ವೇರ್’ ಎಂಬ ದೊಡ್ಡ ಯೋಜನೆಯ ತುಣುಕುಗಳು. ವಸಾಹತು ಕಾಲದ ಭಾರತದಲ್ಲಿ ಕಾಯಂಗಢವೆಂಬ ಕಲ್ಪಿತ ನಗರದ ಹುಡುಕಾಟ ಅದರ ವಸ್ತು.

2018ರ ‘ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್’ ತನ್ನನ್ನು ಮೀರ್ ಉಮರ್‌ಹಸನ್ ಎಂಬ ಗುಜರಾತಿ ಕವಿಯ ಕಥೆಗಳ ರೂಪಾಂತರವೆಂದು ಕರೆದುಕೊಳ್ಳುತ್ತದೆ. ಅಂಥ ಕವಿ ಇರಲೇ ಇಲ್ಲ. ಆತ ಈ ಆಟಗಳದೇ ಸೃಷ್ಟಿ. ಇದನ್ನು ಬರಿಯ ಚಮತ್ಕಾರವೆಂದು ಬದಿಗಿಡುವ ಮುನ್ನ ಕನ್ನಡದವರು ಮುದ್ದಣನನ್ನು ನೆನೆಯಬೇಕು. ಮುದ್ದಣನೆಂಬ ಹೆಸರಿನಲ್ಲಿ ಬರೆದ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ತಮ್ಮ ಕೃತಿಗಳನ್ನು ಹಳೆಯ ಕವಿಯೊಬ್ಬನ ಬರಹವೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದ್ದರು. ಅವರಿಗೆ ಹಳತನದ ಮರೆ ಬೇಕಾಗಿದ್ದು ವಿದ್ವಾಂಸರು ಓದಲಿ ಎಂದು. ಜಾನಿಯವರ ಅಗತ್ಯ ಬೇರೆ. ನಮ್ಮ ಗತಕಾಲ ನಮಗೆ ದಕ್ಕಿದ್ದೇ ಅನ್ಯರ ಅನುವಾದದಲ್ಲಿ, ಅನ್ಯರ ಸಂಗ್ರಹಾಲಯದ ಚೀಟಿಗಳಲ್ಲಿ. ಹಾಗಿರುವಾಗ ಮೂಲವೆಂಬುದು ಯಾವುದು, ಅದನ್ನು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಈ ಇಲ್ಲದ ಕವಿಯ ಬಾಯಿಂದ ಅವರು ಕೇಳಿಸುತ್ತಾರೆ.

ಶೈಲಿಯೂ ಅದೇ ಪ್ರಶ್ನೆಯನ್ನು ಕಣ್ಣಿಗೆ ತರುತ್ತದೆ. ‘ಮ್ಯೂಸಿಯಂ’ ಆಟದಲ್ಲಿ ಒಂದು ಪುಟ ಕಥೆ, ಬಳಿಕ ಒಂದು ಕೋಣೆ, ಮತ್ತೆ ಪುಟ. ಕೋಣೆಯಲ್ಲಿ ದಿನಬಳಕೆಯ ವಸ್ತುಗಳು ಆಳೆತ್ತರ ಮೀರಿ ನಿಂತಿರುತ್ತವೆ. ನಾವು ಅವುಗಳ ಬುಡದಲ್ಲಿ ಓಡಾಡಬೇಕು. ಗೋಡೆ, ನೆಲಗಳ ಮೇಲೆ ಗಾಢ ಬಣ್ಣ, ಒತ್ತೊತ್ತಾದ ವಿನ್ಯಾಸ. ಆಗ ತಾನೇ ಓದಿದ ಕಥೆಗೂ ಎದುರಿನ ವಸ್ತುವಿಗೂ ಇರುವ ನಂಟು ಸಡಿಲ. ಅದನ್ನು ಬಿಗಿಯುವ ಹೊಣೆ ನಮ್ಮದು, ಹಾಗೆ ಬಿಗಿಯುವಾಗಲೇ ನಮ್ಮ ಗುಮಾನಿಯೂ ಏಳುತ್ತದೆ. ನಿಜವಾದ ವಸ್ತುಸಂಗ್ರಹಾಲಯದಲ್ಲಿ ಚೀಟಿ ಓದಿ ತಲೆದೂಗಿ ಮುಂದೆ ಹೋಗುವ ನಮಗೆ ಇದೊಂದು ಒಳ್ಳೆಯ ಪಾಠ.

ಆದರೂ ನನ್ನ ಮಟ್ಟಿಗೆ ಅವರ ಅತ್ಯಂತ ದಿಟ್ಟ ಕೃತಿ 2020ರ ‘ದಿ ಇಂಡಿಫರೆಂಟ್ ವಂಡರ್ ಆಫ್ ಆನ್ ಎಡಿಬಲ್ ಪ್ಲೇಸ್’. ಇದರಲ್ಲಿ ನಾವು ಕಟ್ಟಡಗಳನ್ನು ತಿನ್ನುವ ಪುರಸಭೆಯ ನೌಕರ. ತಿನ್ನುವುದೇ ಆಟ, ತಿಂದಂತೆ ಇತಿಹಾಸ ಅಳಿಯುತ್ತದೆ. ಕಟ್ಟಡ ಕೆಡವಿ ನೆನಪನ್ನು ಒರೆಸುವ ಹಿಂಸೆಯ ಬಗ್ಗೆ ಕತೆ, ಕಾದಂಬರಿಗಳೂ ಹೇಳಬಲ್ಲವು. ಆದರೆ ಓದುಗನ ಕೈ ಅಲ್ಲಿ ಶುದ್ಧವಾಗಿಯೇ ಉಳಿಯುತ್ತದೆ. ಇಲ್ಲಿ ಕಥೆ ಮುಂದೆ ಸಾಗಬೇಕಾದರೆ ನಾವೇ ತಿನ್ನಬೇಕು.

ಮುದ್ದಣನ ‘ಶ್ರೀರಾಮಾಶ್ವಮೇಧ’ದಲ್ಲಿ ಗಂಡನಿಂದ ಕಥೆ ಕೇಳುವ ಮನೋರಮೆಯೂ ಕಥೆಯೊಳಗೆ ಕೈಯಿಟ್ಟ ಶ್ರೋತೃವೇ. ತಡೆಯುತ್ತಾಳೆ, ಕೆಣಕುತ್ತಾಳೆ, ಹೇಳುವ ಬಗೆಯನ್ನೇ ಬದಲಿಸುತ್ತಾಳೆ. ಜಾನಿಯವರ ಆಟಗಾರನಿಗೆ ಆ ಸಲಿಗೆಯಿಲ್ಲ. ಆತನಿಗೆ ಸಿಕ್ಕಿರುವುದು ಅಳಿಸುವ ಹಿಂಸೆಯಲ್ಲಿ ಪಾಲುದಾರಿಕೆ ಮಾತ್ರ. ಮುದ್ದಣನ ಗದ್ಯಕ್ಕೆ ಬಂದ ಲವಲವಿಕೆ ಆಕೆಯಿಂದ. ಈ ಆಟಗಳಿಗೆ ಬಂದ ಭಾರ ಆಟಗಾರನ ಈ ಇಕ್ಕಟ್ಟಿನಿಂದ.

ಎರಡೂ ಆಟಗಳು ಉಚಿತವಾಗಿ ಸಿಗುತ್ತವೆ, ಆಡಲು ಒಂದು ಸಂಜೆ ಸಾಕು. ಕಥನಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳು ಮನೋರಮೆಯ ಸಲ್ಲಾಪಗಳನ್ನು ಪಕ್ಕದಲ್ಲಿಟ್ಟುಕೊಂಡು ಇವನ್ನು ಒಮ್ಮೆ ಆಡಲಿ.