ಬೇಲಿಯ ಗೌರಿ ಹೂ: ಗಡ್ಡೆಯಿಂದ ಬೀಜದತ್ತ

ಭಾದ್ರಪದದ ಹೊತ್ತಿಗೆ ಚನ್ನರಾಯನದುರ್ಗದ ಬೆಟ್ಟದ ತಪ್ಪಲಿನಲ್ಲಿ ನಡೆದು ಹೋಗುವಾಗ ಬೇಲಿಗಳತ್ತ ಒಮ್ಮೆ ಕಣ್ಣು ಹಾಯಿಸಿ. ಹಸಿರಾಗಿ ಅರಳಿ, ಹಳದಿಯಾಗಿ, ಕೊನೆಗೆ ಕೆಂಡದಂತೆ ಕೆಂಪಾಗುವ ಆರು ದಳಗಳ ಹೂ ಕಂಡರೆ ಅದೇ ಗೌರಿ ಹೂ. ಅಗ್ನಿಶಿಖೆ, ಕರಡಿಕಣ್ಣಿನ ಗಡ್ಡೆ ಎಂಬ ಹೆಸರುಗಳೂ ಇದಕ್ಕಿವೆ. ಸಂಸ್ಕೃತದ ಹೆಸರು ಲಾಂಗಲಿ. ಲಾಂಗಲ ಎಂದರೆ ನೇಗಿಲು. ನೆಲದೊಳಗಿನ ಗಡ್ಡೆಯ ಆಕಾರ ನೇಗಿಲಿನದೇ! ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ.

ಈ ಬೇಲಿಯ ಬಳ್ಳಿ ವಿಜ್ಞಾನದ ಪುಟಗಳಿಗೆ ಸೇರಿದ ಬಗೆ ಹೇಗೆ? 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥ ಇದನ್ನು ಮಲಯಾಳದ ‘ಮೇಂದೋನ್ನಿ’ ಎಂಬ ಹೆಸರಿನಲ್ಲಿ ಚಿತ್ರಿಸಿತು. 1753ರಲ್ಲಿ ಲಿನೇಯಸ್ ‘ಗ್ಲೋರಿಯೋಸಾ ಸುಪರ್ಬಾ’ ಎಂದು ದಾಖಲಿಸಿದ. 1865ರಲ್ಲಿ ಚಾರ್ಲ್ಸ್ ಡಾರ್ವಿನ್ ಬಳ್ಳಿಗಳ ಚಲನೆಯನ್ನು ಕುರಿತು ಬರೆದಾಗ ಈ ಕುಲದ ಒಂದು ಗಿಡವೂ ಅವನ ಪರೀಕ್ಷೆಗೆ ಒಳಗಾಗಿತ್ತು. ಇದಕ್ಕೆ ಬೇರೆ ಕುಡಿಬಳ್ಳಿ ಇಲ್ಲ. ಎಲೆಯ ತುದಿಯೇ ಕೊಕ್ಕೆಯಾಗಿ ಆಸರೆಯನ್ನು ಹಿಡಿಯುತ್ತದೆ.

ಮುಂದಿನ ಕಥೆ ರಸಾಯನಶಾಸ್ತ್ರದ್ದು. 1820ರಲ್ಲಿ ಪೆಲ್ಲೆಟಿಯೇ ಮತ್ತು ಕಾವೆಂಟೂ ಯೂರೋಪಿನ ಕೋಲ್ಚಿಕಂ ಗಿಡದಿಂದ ಬೇರ್ಪಡಿಸಿದ ಕೋಲ್ಚಿಸಿನ್, 1915ರಲ್ಲಿ ನಮ್ಮ ಗೌರಿ ಹೂವಿನ ಗಡ್ಡೆಯಲ್ಲೂ ಪತ್ತೆಯಾಯಿತು. ವಿಭಜನೆಗೊಳ್ಳುವ ಕೋಶದಲ್ಲಿ ಕ್ರೋಮೊಸೋಮುಗಳನ್ನು ಎಳೆಯುವ ಎಳೆಗಳು ರೂಪುಗೊಳ್ಳದಂತೆ ಇದು ತಡೆಯುತ್ತದೆ. ಹೀಗಾಗಿ ಕ್ರೋಮೊಸೋಮುಗಳು ಇಮ್ಮಡಿಯಾಗಿ ಒಂದೇ ಕೋಶದಲ್ಲಿ ಉಳಿಯುತ್ತವೆ. ಇದನ್ನು ಬಳಸಿ ಗಿಡಗಳ ಕ್ರೋಮೊಸೋಮುಗಳನ್ನು ಇಮ್ಮಡಿಗೊಳಿಸಬಹುದೆಂದು 1937ರಲ್ಲಿ ಬ್ಲೇಕ್ಸ್ಲೀ ಮತ್ತು ಏವರಿ ತೋರಿಸಿದರು. ಬೀಜವಿಲ್ಲದ ಕಲ್ಲಂಗಡಿ ಬಂದದ್ದು ಈ ದಾರಿಯಿಂದಲೇ. ಗೌಟ್ ಎಂಬ ಕೀಲುನೋವಿಗೆ ಕೋಲ್ಚಿಸಿನ್ ಇಂದಿಗೂ ಔಷಧ.

ಆದರೆ ಬೇಡಿಕೆ ಬಂದೊಡನೆ ಗುದ್ದಲಿಯೂ ಬಂದಿತು. ಈ ಗಡ್ಡೆಯ ಒಂದೊಂದು ತುದಿಯಲ್ಲಿ ಸಾಮಾನ್ಯವಾಗಿ ಒಂದೇ ಮೊಗ್ಗು. ಅಗೆಯುವಾಗ ಅದು ಮುರಿದರೆ ಆ ತುದಿಯಿಂದ ಮತ್ತೆ ಚಿಗುರಿಲ್ಲ. ತೋಟಕ್ಕೆಂದು ಕಿತ್ತು ತಂದದ್ದು ತೋಟದಲ್ಲೂ ಇಲ್ಲ, ಬೆಟ್ಟದಲ್ಲೂ ಇಲ್ಲ ಎಂಬಂತಾಗುತ್ತದೆ. ಇದರ ದೂರದ ಬಂಧುವಾದ, ಇದೇ ಲಿಲಿಯೇಲೀಸ್ ಗಣಕ್ಕೆ ಸೇರಿದ ಹಿಮಾಲಯದ ಟ್ರಿಲಿಯಂ ಅರ್ಥಾತ್ ‘ನಾಗಛತ್ರಿ’ಯನ್ನು ನೋಡಿ. ವ್ಯಾಪಾರಕ್ಕಾಗಿ ನೆಲದೊಳಗಿನ ಕಾಂಡವನ್ನು ಕಿತ್ತೂ ಕಿತ್ತೂ ಅದೀಗ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿದೆ. ಟ್ರಿಲಿಯಂ ಬೀಜದಿಂದ ಬೆಳೆದು ಹೂ ಬಿಡಲು ಹಲವು ವರ್ಷ ಬೇಕು. ಕಿತ್ತಷ್ಟು ಬೇಗ ಅದು ಬೆಳೆಯಲಾರದು.

ಗೌರಿ ಹೂವಿಗೆ ಇನ್ನೊಂದು ದಾರಿ ಇದೆ. ನೆರೆಯ ತಮಿಳುನಾಡಿನಲ್ಲಿ ಇದು ರಾಜ್ಯಪುಷ್ಪ; ಅಷ್ಟೇ ಅಲ್ಲ, ಹೊಲದ ಬೆಳೆಯೂ ಹೌದು. ಕೋಲ್ಚಿಸಿನ್ ಬೀಜದಲ್ಲಿಯೂ ಇರುವುದರಿಂದ ಅಲ್ಲಿನ ರೈತರು ವರ್ಷವರ್ಷವೂ ಬೀಜ ಕೊಯ್ಯುತ್ತಾರೆ. ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಹೂವಿನ ಶಲಾಕೆ ಬುಡದಲ್ಲೇ ಪಕ್ಕಕ್ಕೆ ಬಾಗಿ ಪರಾಗದಿಂದ ದೂರ ಸರಿದಿರುವುದನ್ನು ನೀವೇ ಗಮನಿಸಿ. ಹಾಗಾಗಿ ಕಾಯಿ ಚೆನ್ನಾಗಿ ಕಟ್ಟಲೆಂದು ಅವರು ಬೆಳಗಿನ ಹೊತ್ತು ಕೈಯಿಂದಲೇ ಪರಾಗವನ್ನು ಮುಟ್ಟಿಸುತ್ತಾರೆ.

ಶಾಲೆಯ ತೋಟದಲ್ಲಿ ಬೀಜದಿಂದಲೇ ಬೆಳೆಸಿ ನೋಡಿ. ಬಲಿತು ಬಿರಿದ ಕಾಯಿಯ ಕೆಂಪು ಬೀಜಗಳನ್ನು ಒಣಗಿಸಿಟ್ಟು, ಮುಂದಿನ ಮುಂಗಾರಿಗೆ ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ತೆಳುವಾಗಿ ಬಿತ್ತಿ. ಮೊಳಕೆ ಒಟ್ಟಿಗೆ ಬರುವುದಿಲ್ಲ. ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳು ಹಿಡಿಯುತ್ತವೆ. ಮೊದಲ ವರ್ಷ ನಾಲ್ಕಾರು ಎಲೆ, ಒಂದು ಪುಟ್ಟ ಗಡ್ಡೆ, ಅಷ್ಟೆ. ಮಳೆಗಾಲ ಮುಗಿದ ಮೇಲೆ ಮೇಲಿನ ಗಿಡ ಒಣಗಿಹೋಗುತ್ತದೆ. ಭೌತವಿಜ್ಞಾನದ ಮೇಷ್ಟರಾದ ನಾನು ಮೊದಲ ಸಲ ಸತ್ತೇಹೋಯಿತೆಂದು ಕುಂಡದ ಮಣ್ಣನ್ನು ತಿಪ್ಪೆಗೆ ಸುರಿದಿದ್ದೆ. ಮರುವರ್ಷ ಮಳೆ ಬಿದ್ದಾಗ ತಿಪ್ಪೆಯಲ್ಲೇ ಎರಡು ಚಿಗುರು ಎದ್ದು ನನಗೆ ಪಾಠ ಹೇಳಿದವು! ಆದ್ದರಿಂದ ಒಣಗಿದ ಕುಂಡಕ್ಕೆ ನೀರು ಕಡಿಮೆ ಮಾಡಿ, ನೆರಳಿಗಿಟ್ಟು ಕಾಯಿರಿ. ಹೂ ಕಾಣಲು ಮೂರು ನಾಲ್ಕು ಮಳೆಗಾಲ ಬೇಕಾದೀತು.

ಒಂದು ಎಚ್ಚರಿಕೆ ಮರೆಯಬೇಡಿ. ಗಿಡದ ಪ್ರತಿ ಭಾಗವೂ ವಿಷ. ಗಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಕುಂಡದ ಮೇಲೆ ‘ವಿಷ’ ಎಂದು ಬರೆಯಿರಿ, ಚಿಕ್ಕ ಮಕ್ಕಳ ಮತ್ತು ದನಕರುಗಳ ಬಾಯಿಗೆ ಸಿಗದಂತೆ ಇಡಿ, ಕೈಗವಸು ಹಾಕಿಕೊಂಡೇ ಬಿತ್ತಿ, ಆಮೇಲೆ ಕೈ ತೊಳೆಯಿರಿ.

ಎಂಟನೆಯ ತರಗತಿಯಲ್ಲಿ ಬೀಜ ಬಿತ್ತಿದ ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವ ಹೊತ್ತಿಗೆ ಅದು ಹೂ ಬಿಟ್ಟೀತು. ಒಂದು ಹೂವಿಗೆ ಇಷ್ಟು ಕಾಲ ಬೇಕೆಂದು ಕಾದು ತಿಳಿದವರು ಬೆಟ್ಟದ ಗಡ್ಡೆಗೆ ಗುದ್ದಲಿ ಹಾಕುವ ಮುನ್ನ ಒಮ್ಮೆ ಯೋಚಿಸುತ್ತಾರೆ.